ಬೇಡದ್ದನ್ನು ಹೊಡೆದುಹಾಕಿ

ಮತ್ತೆ ಅದೇ ಕತ್ತು — ಬಾಗಿಲಿನ ದುಂಡು ಕಿಂಡಿಯ ನಟ್ಟನಡುವೆ, ಬಗ್ಗಿದ ಕತ್ತು, ಅದರ ಮೇಲೆ ಹಳದಿ ಅಳತೆ ಟೇಪು, ಹೊಲಿಗೆ ಮಷೀನು ಓಡಿದಾಗೆಲ್ಲ ಟೇಪಿನ ತುದಿಗಳು ಎದೆಯ ಕಡೆ ಅಲ್ಲಾಡುತ್ತವೆ, ಹನ್ನೊಂದು ವರ್ಷ ಬಗ್ಗದ ಕತ್ತು, ಈಗ ನೋಡು, ಒಂದು ಪ್ಯಾಂಟಿನ ಜೇಬಿಗೆ ಬಗ್ಗಿದೆ — ಜೈಲರು ಉಸಿರು ಬಿಗಿಹಿಡಿದು ನೋಡುತ್ತಾರೆ, ತಮ್ಮದೇ ಜೈಲಿನಲ್ಲಿ ಕಳ್ಳನ ಹಾಗೆ ಕಿಂಡಿಗೆ ಕಣ್ಣಿಟ್ಟು, ಬಗಲಲ್ಲಿ ಫೈಲು, ಫೈಲಿನಲ್ಲಿ ಅದೇ ಕತ್ತಿನವನ ನಡತೆಯ ವರದಿ, ಮಧ್ಯಾಹ್ನ ಮೂರಕ್ಕೆ ಹೊರಡಬೇಕು, ಅದು ಸರಿಯಿದ್ದರೆ ಅವನು ಗೋಡೆಯಿಲ್ಲದ ಬಯಲು ಜೈಲಿಗೆ ಹೋಗುತ್ತಾನೆ, ಇಲ್ಲದಿದ್ದರೆ ಇನ್ನೂ ಮೂರು ವರ್ಷ ಇಲ್ಲೇ, ತಮ್ಮ ಕೈಕೆಳಗೆ, ಎಲ್ಲ ನಿಂತಿರುವುದು ಏಳನೆಯ ಸಾಲಿನ ಮೇಲೆ — ಪಶ್ಚಾತ್ತಾಪ: ಇದೆ / ಇಲ್ಲ, ಬೇಡದ್ದನ್ನು ಹೊಡೆದುಹಾಕಿ. ಹೊಡೆಯುವುದನ್ನೂ ಹಾಕುವುದನ್ನೂ ಜೈಲರಿಗೆ ಕಾಗದ ಹೇಳಿಕೊಡಬೇಕೇ, ಅವನನ್ನು ಹೊಡೆದಿದ್ದಾರೆ, ಕತ್ತಲೆ ಕೋಣೆಗೆ ಹಾಕಿದ್ದಾರೆ, ವರ್ಷಕ್ಕೊಮ್ಮೆ ‘ಇದೆ’ಯನ್ನು ಹೊಡೆದೂ ಹಾಕಿದ್ದಾರೆ, ಈ ಬೆಳಿಗ್ಗೆಯೂ, ಸ್ಕೇಲು ಇಟ್ಟು, ಕಪ್ಪು ಶಾಯಿಯಲ್ಲಿ ನೆಟ್ಟಗೆ ಗೆರೆ ಎಳೆದು ‘ಇದೆ’ಯನ್ನು ಇಲ್ಲವಾಗಿಸಿದರು, ಆಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ಕಾಲು ತಾನಾಗಿ ಇಲ್ಲಿಗೆ ಬಂತು.

ಬಂಡೆ ಎಂದು ಅವನಿಗೆ ಹೆಸರಿಟ್ಟದ್ದೇ ಜೈಲರು, ಬಂದ ಮೊದಲ ದಿನ, ಗೋದಾಮಿನ ಕಾವಲು ಮುದುಕನನ್ನು ಮಲಗಿದ್ದಲ್ಲೇ ಸರಳಿನಿಂದ ಹೊಡೆದು ಕೊಂದವನು, ನ್ಯಾಯಾಧೀಶರೆದುರು ಹೌದು ಕೊಂದೆ ಅದಕ್ಕೇನೀಗ ಅಂದವನು, ಜೈಲರ ಮುಂದೆಯೂ ಗೋಣು ನೆಟ್ಟಗೆ ಇಟ್ಟು ನಿಂತಿದ್ದ, ಏನಯ್ಯಾ, ತಪ್ಪಾಯ್ತು ಅಂತ ಅನ್ಸಲ್ವಾ ನಿಂಗೆ, ಇಲ್ಲ ಸಾರ್, ಊಟ ಎಷ್ಟೊತ್ತಿಗೆ. ಅವತ್ತೇ ಜೈಲರು ತೀರ್ಮಾನಿಸಿದ್ದು, ಈ ಬಾಯಿಂದ ಆ ಒಂದು ಮಾತು ಬರಬೇಕು, ಬರುವುದು ತಮ್ಮೆದುರೇ ಬರಬೇಕು. ದಂಡಂ ದಶಗುಣಂ ಅನ್ನುತ್ತಾರೆ, ಹತ್ತೂ ಗುಣ ಮುಗಿದವು, ದಂಡವೆಲ್ಲ ದಂಡವಾಯಿತು — ಮೂವತ್ತಾರು ಸಲ ಕತ್ತಲೆ ಕೋಣೆ, ಹೊರಗೆ ಬಂದು ಕಣ್ಣುಜ್ಜಿಕೊಂಡು ಒಳ್ಳೆ ನಿದ್ದೆ ಸಾರ್ ಅಂದ, ಗುಂಡಿ ತೋಡಿಸಿ ಮುಚ್ಚಿಸಿ ಮತ್ತೆ ತೋಡಿಸಿದರು, ರಟ್ಟೆ ಗಟ್ಟಿಯಾಯಿತು, ಮನೆಯ ಕಾಗದ ತಡೆದರು, ಕೇಳಲೇ ಇಲ್ಲ. ಬೈದದ್ದಾಯಿತು ಇನ್ನು ಬುದ್ಧಿ ಹೇಳೋಣ ಎಂದು ಮೇಲಿನವರು ಧ್ಯಾನದವರನ್ನು ಕಳಿಸಿದರು, ಕಣ್ಣು ಮುಚ್ಚಿ ಒಳಗೆ ನೋಡ್ಕೊಳಿ ಎಂದರು, ಬಂಡೆ ಕಣ್ಣು ಮುಚ್ಚಿ ಗೊರಕೆ ಹೊಡೆದ, ಮನಶ್ಶಾಸ್ತ್ರದ ಹುಡುಗಿ ಬಂದು ಮನೆಯ ಚಿತ್ರ ಬರೆಯಲು ಹೇಳಿದಳು, ಬಾಗಿಲಿಲ್ಲದ ಮನೆ ಬರೆದ, ಬಾಗಿಲೆಲ್ಲಪ್ಪಾ, ಬರೆದ್ರೆ ನೀವು ಬೀಗ ಹಾಕ್ತೀರಲ್ಲಮ್ಮ. ಆಗ ನಕ್ಕವರಲ್ಲಿ ಜೈಲರೂ ಒಬ್ಬರು, ಒಳಗೊಳಗೇ ಹೆಮ್ಮೆ, ಇವನು ಯಾರಿಗೂ ಬಗ್ಗುವವನಲ್ಲ, ಬಗ್ಗಿದರೆ ತಮಗೇ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವನದೇ ಮಾತು, ಇವತ್ತು ನಮ್ಮ ಬಂಡೆ ಏನಂದ ಗೊತ್ತಾ, ಹೆಂಡತಿ ಪಾತ್ರೆ ಕುಕ್ಕಿ, ನಮ್ಮ ಬಂಡೆಯಂತೆ ನಮ್ಮ ಬಂಡೆ, ಹೆತ್ತ ಮಗನ ಬಗ್ಗೆ ಇಷ್ಟು ಮಾತಾಡಿದ್ರೆ ಅವನು ಒಂದು ಕ್ಲಾಸಾದ್ರೂ ಪಾಸಾಗ್ತಿದ್ದ.

ಆಮೇಲೆ ಇವಳು ಬಂದಳು. ಹೊಲಿಗೆ ಅಕ್ಕ. ದಪ್ಪ ಕನ್ನಡಕ, ಸೊಂಟ ಹಿಡಿದ ನಡಿಗೆ, ಇಸ್ಕೂಲು ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದ ಅಂಗಡಿ ಮುಚ್ಚಿ ಇಲ್ಲಿ ಕಲಿಸಲು ಸೇರಿದವಳು, ಹದಿನಾಲ್ಕು ಮಷೀನು, ಹದಿನಾಲ್ಕು ಕೊಲೆಗಡುಕರು, ಹದಿನಾಲ್ಕು ಕತ್ತರಿ, ಜೈಲರು ಎದೆ ಮೇಲೆ ಕೈಯಿಟ್ಟುಕೊಂಡು ಕೇಳಿದ್ದರು, ಕತ್ತರಿ ಕೊಡ್ತೀರಾ ಇವರಿಗೆ, ಕೊಡದೆ ಹಲ್ಲಲ್ಲಿ ಕಚ್ಚಿ ಹರೀಬೇಕಾ ಸಾರ್ ಬಟ್ಟೆನ. ಅವಳ ಕೋಣೆಯಲ್ಲಿ ಇರುವುದು ಒಂದೇ ಕಾನೂನು, ಯಾರ ಹೊಲಿಗೆ ಸೊಟ್ಟಗಾಯಿತೋ ಅವರೇ ಎಲ್ಲರಿಗೂ ಕೇಳುವ ಹಾಗೆ ತಪ್ಪಾಯ್ತು ಬಿಚ್ತೀನಿ ಅನ್ನಬೇಕು, ಬಿಚ್ಚಬೇಕು, ಅಷ್ಟೇ, ಬೈಗುಳವಿಲ್ಲ, ಏಟಿಲ್ಲ, ಆದರೆ ಹೇಳುವ ತನಕ ಹದಿನಾಲ್ಕೂ ಮಷೀನು ನಿಲ್ಲಬೇಕು, ಎಲ್ಲರೂ ಕಾಯಬೇಕು. ಮೊದಲು ಹೇಳಿದವಳು ಅವಳೇ, ಒಂದು ತೋಳನ್ನು ತಿರುವುಮುರುವು ಹಚ್ಚಿ, ತಪ್ಪಾಯ್ತು ಬಿಚ್ತೀನಿ. ಬಂಡೆ ಎರಡು ದಿನ ಹೇಳಲಿಲ್ಲ, ಎರಡು ದಿನ ಕೆಲಸವೇ ನಡೆಯಲಿಲ್ಲ, ಮೂರನೆಯ ದಿನ ಗೊಣಗಿದ, ಆಮೇಲೆ ಕೆಮ್ಮಿದಷ್ಟು ಸಲೀಸಾಗಿ ದಿನಕ್ಕೆ ಹತ್ತು ಸಲ, ಇದು ಬರೀ ಕಸುಬಿನ ಮಾತು ಎಂದು ಜೈಲರು ಸಮಾಧಾನ ಮಾಡಿಕೊಂಡಿದ್ದರು, ಹೋದ ಮಂಗಳವಾರದವರೆಗೆ. ಮಂಗಳವಾರ ಇದೇ ಕಿಂಡಿ, ಇದೇ ಕತ್ತು, ತಪ್ಪಾಯ್ತು ಅಂದ ಅವನು, ಅವಳು ಬಂದು ಬಟ್ಟೆ ಎತ್ತಿ ಹಿಡಿದು ನೋಡಿ, ಎಲ್ಲಪ್ಪಾ, ಹೊಲಿಗೆ ನೆಟ್ಟಗೇ ಇದೆಯಲ್ಲ, ಹೊಲಿಗೆ ಅಲ್ಲಕ್ಕ, ಆ ಮುದುಕ ಮಲಗಿದ್ದ, ಏಳೋಕೂ ಬಿಡಲಿಲ್ಲ ನಾನು, ಅದನ್ನ ಹ್ಯಾಗಕ್ಕ ಬಿಚ್ಚೋದು, ಅವಳು ತಲೆ ಸವರಲಿಲ್ಲ, ಕಣ್ಣೊರೆಸಲಿಲ್ಲ, ಬಿಚ್ಚೋಕಾಗಲ್ಲ ಕಣಪ್ಪಾ ಅಂದಳು, ಅದು ಹಾಗೇ ಇರತ್ತೆ, ಆ ಇನ್ನೊಂದು ಬಟ್ಟೆ ತಗೋ. ಕತ್ತು ಬಗ್ಗಿತು, ಟೇಪು ಜಾರಿತು, ಭುಜ ಅಲುಗಿತು. ಕಿಂಡಿಯಾಚೆ ಜೈಲರ ಹೊಟ್ಟೆಯಲ್ಲಿ ಬೆಂಕಿ ಬಿತ್ತು — ಕಾದು ಕಾದು ಮುಪ್ಪಾದವರು ತಾವು, ಹೆತ್ತವರು ಯಾರೋ ಹೆಸರಿಟ್ಟವರು ಯಾರೋ, ಬಡಿದವರಿಗೆ ಬಗ್ಗದವನು ಹೊಲಿದವಳಿಗೆ ಒಲಿದ, ಶಿಕ್ಷೆಗೂ ಶಿಕ್ಷಣಕ್ಕೂ ನಡುವೆ ಒಂದು ಣ, ಆ ಒಂದು ಣಕ್ಕೆ ಹನ್ನೊಂದು ವರ್ಷ ಮಣ್ಣುಪಾಲು. ಅವತ್ತು ಊಟ ಸೇರಲಿಲ್ಲ, ಹೆಂಡತಿ ಕೆದಕಿ ಕೆದಕಿ ಕೇಳಿ ಕೊನೆಗೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು, ಅಲ್ರೀ, ಕೊಲೆಗಾರ ಇನ್ನೊಬ್ಬರ ಮುಂದೆ ಅತ್ತ ಅಂತ ಅನ್ನ ಬಿಟ್ಟವರನ್ನ ನಾನು ಇವತ್ತೇ ನೋಡಿದ್ದು, ಸವತಿ ಬಂದ್ಲು ಅಂದ್ರೂ ನಾನು ಇಷ್ಟು ಉರ್ಕೋತಿರಲಿಲ್ಲ.

ಬಾಗಿಲು ತಳ್ಳಿದ್ದು ತಾವೇ, ಯಾವಾಗ ತಳ್ಳಿದರೋ ಗೊತ್ತಿಲ್ಲ, ಮಷೀನುಗಳ ಸದ್ದು ಮುಖಕ್ಕೆ ಬಡಿಯಿತು, ಎಣ್ಣೆಯ ವಾಸನೆ, ಹೊಸ ಖಾಕಿಯ ಗಂಜಿ ವಾಸನೆ, ಬನ್ನಿ ಸಾರ್ ಅಂದಳು ಅಕ್ಕ, ನಾನು ಬಂದದ್ದು ಈ ಪ್ಯಾಂಟಿಗೆ ಅಂದರು ಜೈಲರು, ಇವನೇ ಹೊಲಿದಿದ್ದಲ್ವಾ, ಒಂದಿಂಚು ಗಿಡ್ಡ, ಕಾಲು ಕಾಣತ್ತೆ ನೋಡಿ. ಸುಳ್ಳು. ಪ್ಯಾಂಟು ಎರಕ ಹೊಯ್ದ ಹಾಗಿದೆ, ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಷ್ಟು ಒಪ್ಪವಾಗಿ ಕೂತ ಪ್ಯಾಂಟಿಲ್ಲ, ಜೇಬೊಳಗೆ ಕೈಬಿಟ್ಟು ತಾವೇ ಬಟ್ಟೆಯನ್ನು ಮೇಲಕ್ಕೆ ಜಗ್ಗಿ ಹಿಡಿದಿದ್ದಾರೆ, ಆ ಮಾತು ಬೇಕು, ತಮ್ಮ ಕಡೆ ತಿರುಗಿ ಹೇಳಿದ್ದು ಬೇಕು, ಸುಳ್ಳಿಗಾದರೂ ಸರಿ. ಬಂಡೆ ಎದ್ದ, ಕತ್ತಿನಿಂದ ಟೇಪು ತೆಗೆದ, ಬಂದು ಜೈಲರ ಕಾಲ ಬುಡದಲ್ಲಿ ಮಂಡಿಯೂರಿದ — ಮಂಡಿಯೂರು ಮಂಡಿಯೂರು ಎಂದು ಎಷ್ಟು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಕೂಗಿದ್ದರು, ಮಂಡಿ ಮುರಿದೀತು ಮಡಚಲಾರದು ಅನ್ನುವ ಹಾಗೆ ನಿಂತಿದ್ದವನು — ಈಗ ಇಲ್ಲಿ, ಕಣ್ಣ ಕೆಳಗೆ, ಆ ಕತ್ತು, ಟೇಪಿಲ್ಲದ ಬರಿಯ ಕತ್ತು, ಹತ್ತಿರದಿಂದ ನೋಡಿದರೆ ಕಿವಿಯ ಹಿಂದೆ ಒಂದು ಹಳೆಯ ಗಾಯದ ಗೆರೆ, ಅದು ತಮ್ಮದೇ ಲಾಠಿಯದು, ಯಾವ ವರ್ಷದ್ದೋ. ತಪ್ಪಾಯ್ತು ಸಾರ್, ಬಿಚ್ತೀನಿ. ಬಂತು. ಹನ್ನೊಂದು ವರ್ಷದ ಮಾತು ಬಂತು, ಇಷ್ಟೇನಾ, ಹಸಿದವನಿಗೆ ಖಾಲಿ ತಟ್ಟೆ ಬಡಿಸಿದ ಹಾಗಿದೆ, ಏನೂ ಆಗಲಿಲ್ಲ ಒಳಗೆ, ಬೆಂಕಿ ಬೆಂಕಿಯಾಗಿಯೇ ಇದೆ. ಅಕ್ಕ ಕನ್ನಡಕ ಮೇಲೇರಿಸಿದಳು, ಬಿಚ್ಚಬೇಡಪ್ಪಾ ತಾಳು, ಸಾರ್, ಜೇಬಿಂದ ಕೈ ತೆಗೀರಿ ಒಂದ್ಸಲ, ತೆಗೆದರು, ಯಾಕೆ ತೆಗೆದರೋ, ಹೆಂಗಸಿನ ದನಿಗೆ ಇಸ್ಕೂಲು ಹುಡುಗನ ಹಾಗೆ ತೆಗೆದರು, ಪ್ಯಾಂಟು ಸರ್ರನೆ ಇಳಿದು ಬೂಟಿನ ಮೇಲೆ ಎಲ್ಲಿ ಕೂರಬೇಕೋ ಅಲ್ಲಿ ಕೂತಿತು. ಒಂದು ಮಷೀನು ನಿಂತಿತು. ಇನ್ನೊಂದು. ಹಿಂದಿನ ಸಾಲಿನದೂ. ಹದಿನಾಲ್ಕೂ. ಯಾರೂ ನಗಲಿಲ್ಲ, ನಕ್ಕಿದ್ದರೆ ಒದೆಯಬಹುದಿತ್ತು, ಕತ್ತಲೆ ಕೋಣೆಗೆ ತಳ್ಳಬಹುದಿತ್ತು, ಕಾಯುತ್ತಿದ್ದರು ಅಷ್ಟೇ, ಕೈ ತೊಡೆಯ ಮೇಲಿಟ್ಟು, ಕೆಲಸ ಕೆಟ್ಟರೂ ಚಿಂತೆಯಿಲ್ಲದವರ ಹಾಗೆ, ಈ ಕೋಣೆಯಲ್ಲಿ ಎಲ್ಲರಿಗೂ ಕಾಯುವ ಹಾಗೆ. ಮಂಡಿಯೂರಿದವನೂ ಏಳಲಿಲ್ಲ. ಜೈಲರ ನಾಲಿಗೆ ಅಂಗುಳಕ್ಕೆ ಅಂಟಿತು, ತ ಅನ್ನಲು ಹಲ್ಲಿಗೆ ನಾಲಿಗೆ ತಾಕಬೇಕು, ತಾಕುತ್ತಿಲ್ಲ, ಫೋನ್ ಬಂತು ಅಂದರು, ಬಂದಿರಲಿಲ್ಲ, ಹೊರಗೆ ನಡೆದರು, ಓಣಿಯ ಕೊನೆ ಮುಟ್ಟುವ ತನಕ ಒಂದು ಮಷೀನೂ ಶುರುವಾಗಲಿಲ್ಲ.

ಎರಡೂ ಮುಕ್ಕಾಲು. ಮೇಜಿನ ಮೇಲೆ ವರದಿ, ಏಳನೆಯ ಸಾಲು, ನೆಟ್ಟಗಿನ ಕಪ್ಪು ಗೆರೆ, ಟಪಾಲಿನವನು ಎರಡು ಸಲ ಇಣುಕಿ ಹೋದ, ಆಯ್ತಾ ಸಾರ್, ಆಗ್ತಾ ಇದೆ ಹೋಗಯ್ಯಾ. ಕಳಿಸಿಬಿಡಬಹುದು, ಯಾರು ಕೇಳುತ್ತಾರೆ, ಅವನು ಇಲ್ಲೇ ಇರುತ್ತಾನೆ, ಇಲ್ಲಿದ್ದರೂ ತಮ್ಮವನಲ್ಲ, ಅವಳವನು, ದಿನಾ ಕಿಂಡಿಯಲ್ಲಿ ನೋಡಬೇಕು — ಕಳಿಸದೆ ತಿದ್ದಬಹುದು, ತಿದ್ದುವುದಕ್ಕೂ ಕಚೇರಿಯಲ್ಲಿ ಒಂದು ಪದ್ಧತಿ, ಒರೆಸುವ ಹಾಗಿಲ್ಲ, ಹೊಸ ಹಾಳೆ ಹಾಕುವ ಹಾಗಿಲ್ಲ, ಹೊಡೆದುಹಾಕಿದ್ದರ ಪಕ್ಕದಲ್ಲಿ ಸ್ವಂತ ಕೈಯಿಂದ ತಪ್ಪಾಗಿದೆ ಎಂದು ಬರೆದು ಕೆಳಗೆ ಪೂರ್ತಿ ಸಹಿ, ನಿಯಮ ಮಾಡಿದವನು ಯಾವ ಹೊಲಿಗೆಯವಳ ಅಣ್ಣನೋ — ಇಪ್ಪತ್ತಾರು ವರ್ಷದಲ್ಲಿ ಜೈಲರು ಒಂದು ಕಾಗದವನ್ನೂ ತಿದ್ದಿದ್ದಿಲ್ಲ, ತಿದ್ದಿದ್ದೆಲ್ಲ ಮನುಷ್ಯರನ್ನು. ಪೆನ್ನು ತೆರೆದರು. ತ ಬರೆದರು, ಸೊಟ್ಟಗೆ ಬಂತು. ಪ್ಪಾ ಬರೆದರು. ಅಲ್ಲಿಗೆ ಕೈ ನಿಂತಿತು, ತಪ್ಪಾ, ಅಲ್ಲಿಗೆ ನಿಂತರೆ ಅದು ಪ್ರಶ್ನೆ, ತಪ್ಪಾ, ಹೌದಾ, ಯಾರದು, ಮಲಗಿದ್ದವನನ್ನು ಹೊಡೆದದ್ದು ಅವನು, ನೆಟ್ಟಗೆ ನಿಂತಿದ್ದವನನ್ನು ಹೊಡೆದದ್ದು — ಪೆನ್ನಿನ ತುದಿಯಲ್ಲಿ ಶಾಯಿ ಹನಿಗಟ್ಟುತ್ತದೆ, ಮುಂದಿನ ಅಕ್ಷರ ಯಾವುದು, ಗಿ, ಗಿ ಬರೆಯಬೇಕು, ಕಣ್ಣೆದುರು ಅಕ್ಷರವಿಲ್ಲ, ಕತ್ತು ಇದೆ, ಬಗ್ಗಿದ ಕತ್ತು, ಕಿವಿಯ ಹಿಂದೆ ಗೆರೆ, ನೆಟ್ಟಗಿನ ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ, ಆ ಕತ್ತು, ಕಾಯುತ್ತಿರುವ ಕತ್ತು