ಕೊನೆಗೆ ಬರಬೇಕಾದ ಎರಡಕ್ಷರ

ಹುಣಸೂರಿನ ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ವಿರೂಪಾಕ್ಷನ ಮಾತಿಗೆ ಎದುರಿಲ್ಲ. ಹತ್ತೊಂಬತ್ತು ವರ್ಷದಿಂದ ಗಾವಡಗೆರೆಯಿಂದ ಬೈಕಿನಲ್ಲಿ ಬಂದು ಮಕ್ಕಳಿಗೆ ಸಿ ಪ್ರೋಗ್ರಾಂ ಕಲಿಸಿದವನು. ಒಳ್ಳೆಯವನೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಮಕ್ಕಳ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವುದರಲ್ಲೂ ಅವನದೊಂದು ವರಸೆಯಿತ್ತು. ಅರವತ್ತು ಪುಸ್ತಕ, ಒಂದು ಲೋಟ ಟೀ. ಟೀ ಆರುವುದರೊಳಗೆ ಸಹಿ ಮುಗಿಯಬೇಕು. ಇನ್ನು ಓದುವ ಮಾತೆಲ್ಲಿ ಬಂತು!

ಆ ಜುಲೈನಲ್ಲಿ ಹೊಸ ಮಕ್ಕಳಿಗೆ ಮಾದರಿ ತೋರಿಸೋಣವೆಂದು ಬೀರುವಿನಿಂದ ಹಳೆಯ ರೆಕಾರ್ಡೊಂದನ್ನು ಎಳೆದ. ಅಕ್ಷರ ಮುತ್ತಿನಂತಿತ್ತು. ಹೆಸರು ನೋಡಿದರೆ ಚಿನ್ನು. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿದ್ದ ಹುಡುಗಿ. ಮೇ ತಿಂಗಳ ಲ್ಯಾಬ್ ಪರೀಕ್ಷೆಯಲ್ಲಿ ಫೇಲಾದವಳು ಮತ್ತೆ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ.

ಪುಟ ತಿರುಗಿಸುತ್ತ ಏಳನೆಯ ಪ್ರೋಗ್ರಾಮಿಗೆ ಬಂದ. ವರ್ಗಮೂಲದ ಲೆಕ್ಕ. ಪರೀಕ್ಷೆಯ ಚೀಟಿಯಲ್ಲಿ ಅವಳಿಗೆ ಬಂದದ್ದೂ ಅದೇ. ಕೆಳಗೆ ಪ್ರೋಗ್ರಾಮನ್ನು ಮೆಶೀನಿನ ಭಾಷೆಗೆ ತಿರುಗಿಸುವ, ಅಂದರೆ ಕಂಪೈಲ್ ಮಾಡುವ ಸಾಲು, ಆ ಸಾಲಿನ ತುದಿಯಲ್ಲಿ ವರ್ಗಮೂಲದಂಥ ಸಿದ್ಧ ಲೆಕ್ಕಗಳಿರುವ ಗಣಿತದ ಲೈಬ್ರರಿಯನ್ನು ಕರೆಯುವ ‘ಎಲ್‌ಎಂ’ ಎಂಬ ಎರಡಕ್ಷರ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು: ‘ಇದು ಕೊನೆಗೇ ಬರಬೇಕು. ಪ್ರೋಗ್ರಾಮಿನ ಫೈಲಿನ ಹೆಸರಿಗಿಂತ ಮುಂಚೆ ಹಾಕಿದರೆ ವರ್ಗಮೂಲ ಸಿಗುವುದಿಲ್ಲ. ಎರಡೂ ಥರ ಮಾಡಿ ನೋಡಿದೆ.’

ಅದರ ಕೆಳಗೆ ವಿರೂಪಾಕ್ಷನದೇ ಕೆಂಪು ಸಹಿ.

ಆ ಪೆನ್ಸಿಲಿನ ಸಾಲನ್ನು ಮತ್ತೊಮ್ಮೆ ಓದಿದ. ಪರೀಕ್ಷೆಯ ದಿನ ಅವಳು ಹೀಗೇ ಟೈಪ್ ಮಾಡಿದ್ದಳು. ಹಿಂದಿನಿಂದ ಹಾದುಹೋಗುತ್ತಿದ್ದ ಅವನೇ ನಿಂತು, “ಇದೇನವ್ವಾ, ಬಾಲ ಅಂಟಿಸಿದ್ದೀಯ? ಇಂಥವೆಲ್ಲ ಮುಂದಕ್ಕೆ ಬರಬೇಕು ಕಣವ್ವ” ಎಂದು ತನ್ನ ಕೈಯಾರೆ ಎರಡಕ್ಷರವನ್ನು ಸಾಲಿನ ಮುಂದಕ್ಕೆ ತಂದಿದ್ದ. ವರ್ಗಮೂಲ ಸಿಗುತ್ತಿಲ್ಲವೆಂದು ಮೆಶೀನು ದೂರಿತು. “ನಿನ್ನ ಪ್ರೋಗ್ರಾಮಲ್ಲೇ ಏನೋ ತಪ್ಪೈತೆ, ತಿರುಗ ಬರಿ” ಎಂದ. ಅವಳು ಮೂರು ಸಲ ಬರೆದಳು. ಮೂರು ಸಲವೂ ಎರಡಕ್ಷರ ಅವನಿಟ್ಟ ಜಾಗದಲ್ಲೇ ಇತ್ತು. ಗಂಟೆ ಹೊಡೆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ “ಉತ್ತರ ಬರ್ಲಿಲ್ಲ ಸಾರ್” ಎಂದು ಹೇಳಿದವನೂ ಅವನೇ.

ಈಗ ಕೂತು ಎರಡೂ ಥರ ಮಾಡಿ ನೋಡಿದ. ಅವಳ ಥರ ಮಾಡಿದರೆ ಉತ್ತರ ಥಟ್ಟನೆ ಬಂತು, ಅವನ ಥರ ಮಾಡಿದರೆ ಅದೇ ದೂರು. ಹಳೆಯ ಮೆಶೀನುಗಳಿಗೆ ಈ ಎರಡಕ್ಷರವೇ ಬೇಕಿರಲಿಲ್ಲ. ಆ ವರ್ಷ ಬಂದ ಹೊಸವು ಎಡದಿಂದ ಬಲಕ್ಕೆ ಓದುತ್ತ ಬರುತ್ತವೆ. ಲೈಬ್ರರಿ ಮೊದಲೇ ಸಿಕ್ಕರೆ, ಇನ್ನೂ ಯಾರೂ ಕೇಳಿಲ್ಲವಲ್ಲ ಎಂದು ಬಿಟ್ಟು ಮುಂದೆ ಹೋಗುತ್ತವೆ. ಆಮೇಲೆ ಫೈಲು ವರ್ಗಮೂಲ ಕೇಳಿದರೆ, ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದು ಕೈ ತೋರಿಸಿದಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಭಾನುವಾರ ಬೈಕು ಹತ್ತಿ ಹಾಡಿಗೆ ಹೋದ. ಅವಳ ತಾಯಿ ಚಿಕ್ಕಬೀರಮ್ಮ ಚಾಪೆ ಹಾಸಿದಳು. “ನಾಳೆ ಕೊಡಗಿನ ತೋಟಕ್ಕೆ ಒಂಟೀವಿ ಸಾ, ಇವಳೂ ಬತ್ತಾಳೆ ಕೂಲಿಗೆ” ಎಂದಳು. ಚಿನ್ನು ಬಾಗಿಲಿಗೊರಗಿ ತಲೆ ತಗ್ಗಿಸಿ ನಿಂತಿದ್ದಳು.

ವಿರೂಪಾಕ್ಷ ರೆಕಾರ್ಡನ್ನು ಬಿಚ್ಚಿ ಮುಂದಿಟ್ಟ. “ತಪ್ಪು ನಂದು ಕಣವ್ವ. ನಿಂದು ಸರಿಯಾಗೇ ಇತ್ತು.”

“ಗೊತ್ತು ಸಾ.”

“ಗೊತ್ತಿದ್ದೂ ಯಾಕವ್ವ ತಿರುಗ ಕೊನೇಗೆ ಹಾಕ್ಲಿಲ್ಲ?”

“ನೀವೇ ಕೈಯಾರ ಇಟ್ಟಿದ್ರಿ. ನೀವಿಟ್ಟಿದ್ದ ನಾನು ಎಂಗೆ ತೆಗೀಲಿ ಸಾ?”

ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎದುರು ಮಾತಾಡದ ಮಕ್ಕಳೆಂದರೆ ಅವನಿಗೆ ಇಷ್ಟ. ಹತ್ತೊಂಬತ್ತು ವರ್ಷ ಅದನ್ನೇ ಹೊಗಳಿ, ಅದನ್ನೇ ಕಲಿಸಿದ್ದ. ಅವನ ಕಣ್ಣು ತುಂಬಿತು.

“ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಐತೆ. ಅರ್ಜಿ ನಾನೇ ತುಂಬಿಸ್ತೀನಿ. ಕೂಲಿಗೆ ಹೋಗ್ಬೇಡ, ಬಾರವ್ವ.”

“ಅವತ್ತು ಲ್ಯಾಬಲ್ಲಿ ನೀವೇ ಇರ್ತೀರಾ ಸಾ?”

“ಇರ್ತೀನಿ. ನಿನ್ನ ಪಕ್ಕದಲ್ಲೇ ನಿಂತ್ಕತೀನಿ.”

ಚಿನ್ನು ನೆಲ ನೋಡುತ್ತಲೇ ಹೇಳಿದಳು: “ಅಂಗಾದ್ರೆ ಬ್ಯಾಡ ಸಾ. ನೀವಿದ್ರೆ ಮತ್ತೆ ನೀವೇಳ್ದಂಗೇ ಮಾಡ್ಬುಡ್ತೀನಿ.”

ಪರೀಕ್ಷೆಯ ದಿನ ಅವನು ಲ್ಯಾಬ್ ತಪ್ಪಿಸಿದವನೇ ಅಲ್ಲ. ಜ್ವರ ಬಂದರೂ ಹೋದವನು. ತನ್ನ ಕೆಂಪು ಸಹಿಯಿದ್ದ ರೆಕಾರ್ಡನ್ನು ಮುಚ್ಚಿ ಅವಳ ಕಡೆಗೆ ಸರಿಸಿದ.

“ಅವತ್ತು ನಾನು ರಜ ಹಾಕ್ತೀನಿ ಬುಡವ್ವ” ಎಂದ.

ಚಿನ್ನು ಆಗ ತಲೆ ಎತ್ತಿ, ಪರೀಕ್ಷೆ ಯಾವ ತಾರೀಖು ಎಂದು ಕೇಳಿದಳು.