ನಾಲ್ಕು ನಿಮಿಷದ ನಿಲುಗಡೆ

ನನ್ನ ತಮ್ಮನಿಗೆ ನಾನು ಕಿಡ್ನಿ ಕೊಟ್ಟ ಮೇಲೆ ನಮ್ಮಿಬ್ಬರ ಮೊದಲ ಜಗಳ ನಡೆದದ್ದು ವಾರ್ಡಿನಲ್ಲೇ. ಹಳೆಯ ಕೆಟ್ಟ ಕಿಡ್ನಿಗಳನ್ನು ಡಾಕ್ಟರು ತೆಗೆಯುವುದಿಲ್ಲವಂತೆ. ಅವನ್ನು ಇದ್ದಲ್ಲೇ ಬಿಟ್ಟು, ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರಂತೆ. ಅಂದರೆ ಕೊಟ್ಟವಳ ಹತ್ತಿರ ಒಂದು, ಇಸಿದುಕೊಂಡವನ ಹತ್ತಿರ ಮೂರು. ಇದ್ಯಾವ ನ್ಯಾಯ ಎಂದು ನಾನು ಕೇಳಿದೆ. ಹೊಲಿಗೆ ಇನ್ನೂ ಹಸಿ, ನಕ್ಕರೆ ಪ್ರಾಣ ಹೋಗುವಷ್ಟು ನೋವು. ಆದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು ನರ್ಸಿನಿಂದ ಬೈಸಿಕೊಂಡೆವು.

ನಾನು ದರ್ಜಿ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತೇನೆ. ವರ್ಷಕ್ಕೆ ಸಾವಿರಾರು ಬಿಳಿ ಅಂಗಿ ನನ್ನ ಕೈಮೇಲೆ ಹೋಗುತ್ತವೆ. ಬಿಳಿ ಬಟ್ಟೆ ಎಂದರೆ ಒಂದು ಹನಿ ಬಿದ್ದರೂ ಕಲೆ. ಅದಕ್ಕೇ ನನ್ನ ಅಂಗಡಿಯೊಳಗೆ ನೀರಿಗೆ ಪ್ರವೇಶವಿಲ್ಲ. ಹೂಜಿ ಹಿತ್ತಲ ಬಾಗಿಲ ಹತ್ತಿರ, ಕಕ್ಕಸಿನ ಪಕ್ಕದಲ್ಲಿ ಮುಚ್ಚಿಕೊಂಡು ಕೂತಿರುತ್ತದೆ. ಬೇಕಾದವರು ಅಲ್ಲಿಗೇ ಹೋಗಿ ಕುಡಿದು, ಕೈ ಒರೆಸಿಕೊಂಡು ಬರಬೇಕು.

ತಮ್ಮ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಒಂದೇ ಮಾರ್ಗ. ಡಿಪೋದಲ್ಲಿ ಅವನನ್ನು ಗಡಿಯಾರ ಎಂದೇ ಕರೆಯುವುದು. ಅವನ ಬಸ್ಸು ಬಂತೆಂದರೆ ಜನ ಕೈಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂಬುದು ಅವನೇ ಹಬ್ಬಿಸಿದ ಮಾತು. ಆ ಮಾರ್ಗದ ಸರಿಯಾಗಿ ಅರ್ಧಕ್ಕೆ ನನ್ನ ಅಂಗಡಿ ಇದೆ, ಅದರ ಮುಂದೇ ನಿಲ್ದಾಣ. ದಿನಕ್ಕೆ ಆರು ಸಲ ಬಸ್ಸು ಬಂದು ನಿಲ್ಲುತ್ತದೆ. ನಾನು ಮಷಿನ್ನಿನಿಂದ ತಲೆಯೆತ್ತಿ ಹುಬ್ಬು ಹಾರಿಸುತ್ತೇನೆ, ಅವನು ಕೈ ಎತ್ತುತ್ತಾನೆ, ಬಸ್ಸು ಹೊರಡುತ್ತದೆ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಬದುಕಿರುವವರ ಕಿಡ್ನಿ, ಅದೂ ಒಡಹುಟ್ಟಿದವಳದ್ದು. ಹೊಂದಾಣಿಕೆ ಚೆನ್ನಾಗಿದೆ. ಡಯಾಲಿಸಿಸ್ಸಿನಲ್ಲಿ ವರ್ಷಗಟ್ಟಲೆ ಕಳೆಯುವ ಮುಂಚೆಯೇ ಆಪರೇಷನ್ ಆಗಿದೆ. ಇದಿಷ್ಟೂ ಒಳ್ಳೆಯದಕ್ಕೇ ಬಂದಿದೆ, ಇನ್ನು ಮೇಲಿನದು ನಿಮ್ಮ ಕೈಯಲ್ಲಿ ಎಂದರು. ಮನೆಗೆ ಬಂದವಳೇ ಅವನ ಬೀರುವಿನ ಬಾಗಿಲ ಮೇಲೆ ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣದಿಂದ ದಪ್ಪಕ್ಷರದಲ್ಲಿ ಬರೆದೆ. ಮಾತ್ರೆ ಬೆಳಿಗ್ಗೆ ಎಂಟು, ಸಂಜೆ ಎಂಟು. ನೀರು ಮೂರು ಲೀಟರ್. ಕೆಮ್ಮುವವರಿಂದ ದೂರ. ಯಾರೋ ಹೇಳಿದರೆಂದು ಬೇರು ನಾರಿನ ಔಷಧಿ ಕೂಡದು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಇದು ನನ್ನ ಕಿಡ್ನಿ, ಜೋಪಾನ. ಅವನ ಹೆಂಡತಿ ಅದನ್ನು ಓದಿ ನಕ್ಕಳು. ಅವನೂ ನಕ್ಕ ಎಂದೇ ನಾನು ತಿಳಿದುಕೊಂಡೆ.

ಅಲ್ಲಿಂದಾಚೆ ಅದೇ ನನ್ನ ರಾಗವಾಯಿತು. ಫೋನ್ ಮಾಡಿದರೆ ಅವನ ಯೋಗಕ್ಷೇಮ ಕೇಳುತ್ತಿರಲಿಲ್ಲ. ನನ್ನ ಕಿಡ್ನಿ ಹೇಗಿದೆ, ನನ್ನ ಕಿಡ್ನಿಗೆ ನಿದ್ದೆ ಬಂತಾ, ನನ್ನ ಕಿಡ್ನಿಯನ್ನು ಬಿಸಿಲಿಗೆ ಕರೆದುಕೊಂಡು ಹೋಗಬೇಡ. ತಮಾಷೆಗೇ ಹೇಳುತ್ತಿದ್ದೆ. ನನ್ನ ನಾಲಿಗೆ ಹುಟ್ಟಿದಾಗಿನಿಂದ ಹಾಗೇ.

ಆರು ತಿಂಗಳಿಗೆ ಅವನು ಕೆಲಸಕ್ಕೆ ಮರಳಿದ. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಮೂರನೆಯ ತಿಂಗಳು ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಆ ಅಂಕಿ ಏರಿತೆಂದರೆ ಕಿಡ್ನಿ ಕುಗ್ಗುತ್ತಿದೆ ಎಂದು ಅರ್ಥ. ಒಂದು ಪಾಯಿಂಟ್ ಎರಡು ಇದ್ದದ್ದು ಒಂದು ಪಾಯಿಂಟ್ ಏಳು. ಡಾಕ್ಟರು ಒಂದೊಂದಾಗಿ ತಡಕಿದರು. ರಕ್ತದಲ್ಲಿ ಮಾತ್ರೆಯ ಪ್ರಮಾಣ ಸರಿಯಾಗಿತ್ತು, ಗಡಿಯಾರ ಎಂಟು ಗಂಟೆ ತಪ್ಪಿಸುವುದುಂಟೆ? ಸೋಂಕಿಲ್ಲ. ಸ್ಕ್ಯಾನಿನಲ್ಲಿ ತೊಂದರೆ ಕಾಣಲಿಲ್ಲ. ನೀರು ಕುಡಿಯುತ್ತೀರಾ ಎಂದು ಕೇಳಿದ್ದಕ್ಕೆ ಅವನು ಕುಡಿಯುತ್ತೇನೆ ಎಂದ. ಹಾಗಾದರೆ ಹತ್ತು ದಿನ ನೋಡೋಣ, ಇಳಿಯದಿದ್ದರೆ ಕಿಡ್ನಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ದೇಹ ಅದನ್ನು ಹೊರಗಿನದೆಂದು ತಳ್ಳುತ್ತಿರಬಹುದು ಎಂದರು. ಕೊಡಲು ನನ್ನ ಹತ್ತಿರ ಇನ್ನೊಂದಿರಲಿಲ್ಲ. ಅವನ ಹೆಂಡತಿಯ ರಕ್ತದ ಗುಂಪು ಹೊಂದುತ್ತಿರಲಿಲ್ಲ. ಆ ರಾತ್ರಿ ನಾನು ಯಾರಿಗೂ ನನ್ನ ಕಿಡ್ನಿ ಎನ್ನಲಿಲ್ಲ.

ಮರುದಿನ ಮಾರ್ಗದ ತುದಿಯಲ್ಲಿರುವ ಶಾಲೆಗೆ ಅಂಗಿಗಳ ಗಂಟು ತಲುಪಿಸುವುದಿತ್ತು. ಅವನ ಬಸ್ಸನ್ನೇ ಹತ್ತಿ ಡ್ರೈವರ್ ಸೀಟಿನ ಬೆನ್ನಿಗೇ ಕೂತೆ. ಎಂಜಿನ್ನಿನ ಶಾಖ ಒಲೆಯ ಮುಂದೆ ಕೂತ ಹಾಗಿತ್ತು. ಅವನ ಕುತ್ತಿಗೆಯಿಂದ ಬೆವರು ಕಾಲರಿಗೆ ಇಳಿಯುತ್ತಿತ್ತು. ಗೇರಿನ ಪಕ್ಕದಲ್ಲಿ ಒಂದು ಬಾಟಲಿ ನೀರು, ಕುತ್ತಿಗೆಯವರೆಗೂ ತುಂಬಿದ್ದು. ನಾನು ಅದರ ಮೇಲೆ ಕಣ್ಣಿಟ್ಟು ಕೂತೆ. ಕೊನೆಯ ನಿಲ್ದಾಣದಲ್ಲಿ ಜನರೆಲ್ಲ ಇಳಿದ ಮೇಲೆ ಅವನು ಬಾಟಲಿ ಎತ್ತಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಕಿಟಕಿಯಿಂದಾಚೆ ಉಗಿದು ಮುಚ್ಚಳ ಬಿಗಿದ.

"ಇದೇನೋ ನೀನು ಕುಡಿಯೋ ಚೆಂದ?" ಎಂದೆ.

ಅವನು ಬೆಚ್ಚಿಬಿದ್ದು ತಿರುಗಿದ. ಗಂಟಿನ ಹಿಂದೆ ನಾನಿನ್ನೂ ಕೂತಿದ್ದೇನೆಂಬುದು ಅವನಿಗೆ ಮರೆತೇ ಹೋಗಿತ್ತು. ಮನೆಗೆ ಹೋದ ಮೇಲೆ ಕುಡಿಯುತ್ತೇನೆ ಎಂದು ತಡವರಿಸಿದ. ಆಮೇಲೆ ಒಂದೊಂದೇ ಮಾತು ಹೊರಬಂತು. ಡಿಪೋದಲ್ಲಿ ಕಕ್ಕಸಿದೆ, ಈ ತುದಿಯಲ್ಲಿಲ್ಲ. ಹೋಗಿ ಬರಲು ಮೂರೂವರೆ ಗಂಟೆ. ಕುಡಿದರೆ ಇಳಿಯಬೇಕು, ಇಳಿಯಲು ಜಾಗವಿಲ್ಲ. ಡ್ರೈವರುಗಳೆಲ್ಲ ಹೀಗೇ, ಬಾಯಿ ಒದ್ದೆ ಮಾಡಿಕೊಳ್ಳುವುದಷ್ಟೇ. ಇಪ್ಪತ್ತೆರಡು ವರ್ಷದ ಅಭ್ಯಾಸ. ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಿಯೂ ಇರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಜಾಗ ಇಲ್ವಾ? ದಿನಕ್ಕೆ ಆರು ಸಲ ನನ್ನ ಅಂಗಡಿ ಮುಂದೇನೇ ನಿಲ್ಲಿಸ್ತೀಯಲ್ಲೋ. ಹಿಂದ್ಗಡೆ ಏನಿದೆ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು ಅಕ್ಕ." ಅವನು ಸ್ಟೇರಿಂಗನ್ನೇ ನೋಡುತ್ತಿದ್ದ. "ಕಿಡ್ನಿನೇ ಇಸ್ಕೊಂಡಿದೀನಿ. ಇನ್ನು ದಿನಾ ಬಂದು ಕಕ್ಕಸಿನ ಬೀಗದ ಕೈ ಬೇರೆ ಕೇಳೋಕೆ ಮುಖ ಬರ್ಲಿಲ್ಲ."

ನನ್ನ ಕಿಡ್ನಿ, ನನ್ನ ಕಿಡ್ನಿ ಎಂದು ದಿನಕ್ಕೆ ಹತ್ತು ಸಲ ಹೇಳಿ ನಾನೇ ಇವನ ಬಾಯಿ ಕಟ್ಟಿಹಾಕಿದ್ದೆ. ಚಿಕ್ಕಂದಿನಲ್ಲಿ ನನ್ನ ತಟ್ಟೆಯಿಂದ ಕೇಳದೆ ಕಿತ್ತು ತಿನ್ನುತ್ತಿದ್ದ ಹುಡುಗ ಇವನು. ನನಗೆ ಅಳು ಬಂತು. ಗಂಟಿನ ಮೇಲಿನ ಅಂಗಿಗೆ ಕಣ್ಣು ಒರೆಸಿಕೊಳ್ಳಲು ಹೋಗಿ, ಬಿಳಿ ಬಟ್ಟೆ ಎಂದು ನೆನಪಾಗಿ ಸೆರಗನ್ನೇ ಹುಡುಕಿಕೊಂಡೆ.

"ಅದು ನಿನ್ನದು ಕಣೋ," ಎಂದೆ. "ಕೊಟ್ಟ ದಿನವೇ ನಿನ್ನದಾಯ್ತು. ಈಗ ಆ ಬಾಟ್ಲಿ ಖಾಲಿ ಮಾಡು."

ಗಂಟು ತಲುಪಿಸಿ ಅದೇ ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಅಂಗಡಿಯ ಮುಂದೆ ಬಸ್ಸು ನಿಂತಾಗ ಅವನಿಗೆ ಇಳಿಯದೆ ಗತಿಯಿರಲಿಲ್ಲ. ಬಸ್ಸಿನವರು ಏನಾಯಿತೆಂದು ಕತ್ತು ಚಾಚಿದರು. ನಾನು ಮೆಟ್ಟಿಲ ಮೇಲೆ ನಿಂತು, ಡ್ರೈವರು ಕಕ್ಕಸಿಗೆ ಹೋಗಿದ್ದಾರೆ, ನಾಲ್ಕು ನಿಮಿಷ ಎಂದು ಸಾರಿದೆ. ಒಬ್ಬ ಹಿರಿಯರು ಎದ್ದು ಬಂದು, ತಾವೂ ಹೋಗಬಹುದೇ ಎಂದು ಮೆಲ್ಲಗೆ ಕೇಳಿದರು.

ಅಂದೇ ಡಿಪೋಗೆ ಹೋಗಿ ಟೈಮ್ ಕೀಪರನ್ನು ಕಂಡೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆತ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡ. ತಾನೂ ಮೊದಲು ಡ್ರೈವರ್ ಆಗಿದ್ದೆ, ನೀರು ಕುಡಿಯದೆ ಕುಡಿಯದೆ ಎರಡು ಸಲ ಕಿಡ್ನಿಯ ಕಲ್ಲು ತೆಗೆಸಿಕೊಂಡಿದ್ದೇನೆ ಎಂದ. ವೇಳಾಪಟ್ಟಿಯಲ್ಲಿ ನನ್ನ ಅಂಗಡಿಯ ಎದುರು ನಾಲ್ಕು ನಿಮಿಷ ಎಂದು ಬರೆದು, ಉಳಿದ ಡ್ರೈವರುಗಳೂ ಬರಬಹುದೇ ಎಂದು ಕೇಳಿದ. ಒಪ್ಪಿಕೊಂಡೆ. ಆವತ್ತಿನಿಂದ ನನ್ನ ಕಕ್ಕಸಿಗೆ ಬೀಗವಿಲ್ಲ. ದಿನವಿಡೀ ಖಾಕಿ ಅಂಗಿಯವರು ಬಿಳಿ ಅಂಗಿಗಳ ನಡುವೆ ಮೈ ಕುಗ್ಗಿಸಿಕೊಂಡು ಓಡಾಡುತ್ತಾರೆ. ಕಾಲು ಒರೆಸಿ ಬರಬೇಕೆಂದು ನಾನು ಎಲ್ಲರ ಮೇಲೂ ರೇಗುತ್ತೇನೆ.

ಹತ್ತನೆಯ ದಿನ ಅಂಕಿ ಒಂದು ಪಾಯಿಂಟ್ ಮೂರಕ್ಕೆ ಇಳಿದಿತ್ತು, ಮುಂದಿನ ತಿಂಗಳು ಒಂದು ಪಾಯಿಂಟ್ ಎರಡು. ಡಾಕ್ಟರು ಖುಷಿಯಾಗಿ, ಹೇಗೂ ಬಂದಿದ್ದೀರಲ್ಲ, ನಿಮ್ಮದೂ ಒಂದು ಸಲ ನೋಡಿಬಿಡೋಣ ಎಂದು ನನ್ನ ರಕ್ತವನ್ನೂ ತೆಗೆಸಿದರು. ವರದಿ ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಒಂದೇ ಕಿಡ್ನಿ ಇಟ್ಟುಕೊಂಡವರು ಹೀಗೆ ಒಣಗಿಕೊಂಡು ಕೂರಬಾರದು, ಕೆಲಸದ ಹೊತ್ತಿನಲ್ಲಿ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ನಾನು ಕುಡಿಯುತ್ತೇನೆ ಎಂದೆ. ಪಕ್ಕದಲ್ಲಿದ್ದ ತಮ್ಮ ಕೆಮ್ಮಿದ.

ಮರುದಿನ ಬಸ್ಸು ಬಂದು ನಿಂತಿತು. ತಮ್ಮ ಒಳಗೆ ಹೋಗಿ ಬಂದ, ಆದರೆ ಬಸ್ಸು ಹತ್ತಲಿಲ್ಲ. ಹೂಜಿಯಿಂದ ಒಂದು ಚೊಂಬು ನೀರು ತಂದು ನನ್ನ ಮಷಿನ್ನಿನ ಮೇಲೆ, ಬಿಳಿ ಬಟ್ಟೆಯ ಪಕ್ಕದಲ್ಲೇ ಇಟ್ಟ. ಅದನ್ನು ತೆಗೆಯೋ, ಕಲೆಯಾಗುತ್ತದೆ, ಹೊತ್ತಾಯಿತು ಹೊರಡು ಎಂದು ನಾನು ಗದರಿದೆ. ಅವನು ಕೈಕಟ್ಟಿ ನಿಂತ. ಕಿಟಕಿ ಕಿಟಕಿಯಲ್ಲೂ ಒಂದೊಂದು ಮುಖ ನಮ್ಮನ್ನೇ ನೋಡುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಾನಾಗಿ ಒಂದು ನಿಮಿಷವೂ ತಡಮಾಡದ ಗಡಿಯಾರ ಗೋಡೆಗೆ ಒರಗಿಕೊಂಡಿತು.

"ನಿಂದು ಖಾಲಿ ಆಗೋವರ್ಗೂ ನಾನು ಹೊರಡಲ್ಲ ಅಕ್ಕ," ಎಂದ. "ಐವತ್ತು ಜನ ಕಾಯ್ತಿದಾರೆ."

ನಾನು ಚೊಂಬು ಎತ್ತಿ ಕೊನೆಯ ಹನಿಯವರೆಗೂ ಕುಡಿದೆ.