ಒಂದರ ಕೀಲಿ

ರೋಣದ ಬಸ್ ಸ್ಟ್ಯಾಂಡಿನ ಹಿಂದೆ, ಹತ್ತಿ ಅಂಗಡಿಗಳ ಸಾಲಿನ ಮಾಳಿಗೆಯ ಮೇಲೆ ಮಹಮ್ಮದಸಾಬ ಮಾಸ್ತರರು ಇಪ್ಪತ್ತಾರು ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದರು. ತಾಲೂಕಿನ ಯಾವ ಕಚೇರಿಗೆ ಹೋದರೂ ಒಬ್ಬರಾದರೂ ಎದ್ದು ನಿಂತು, 'ಬರ್ರಿ ಸರ, ಕೂಡ್ರಿ' ಅನ್ನುತ್ತಿದ್ದರು. ಕೀಲಿ ನೋಡದೆ ನಿಮಿಷಕ್ಕೆ ನಲವತ್ತೈದು ಪದ ಹೊಡೆಯುವ ತನಕ ಅವರು ಯಾರನ್ನೂ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ತಪ್ಪು ಅಕ್ಷರ ಬಿದ್ದರೆ ಸಪ್ಪಳದಿಂದಲೇ ತಮಗೆ ಗೊತ್ತಾಗುತ್ತದೆ ಎಂಬುದು ಅವರ ಹೆಮ್ಮೆ. ಅದು ಬಹುಮಟ್ಟಿಗೆ ಖರೆಯೂ ಆಗಿತ್ತು.

ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಆ ಸಪ್ಪಳ ಕಡಿಮೆಯಾಗತೊಡಗಿತು. ಹನ್ನೆರಡು ಮಷೀನುಗಳಲ್ಲಿ ಏಳೆಂಟು ಖಾಲಿ ಇರುತ್ತಿದ್ದವು. ಮೆಟ್ಟಿಲು ಹತ್ತಿ ಬಂದವರೆಲ್ಲ, 'ಕಂಪ್ಯೂಟರ್ ಕಲಿಸ್ತೀರೇನ್ರಿ?' ಎಂದು ಕೇಳುವರು; ಇಲ್ಲ ಅಂದರೆ ಬಂದ ಹಾಗೆಯೇ ಇಳಿದು ಹೋಗುವರು. ಕೊನೆಗೆ ಮಾಸ್ತರರು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತರಿಸಿದರು. ಎಂಟು ದಿನ ಗದಗಿಗೆ ಬಸ್ಸಿನಲ್ಲಿ ಓಡಾಡಿ ಅದನ್ನು ಕಲಿತು ಬಂದರು.

ಕಲಿತು ಬಂದೆ ಅನ್ನುವುದು ಅವರು ಜನರಿಗೆ ಹೇಳಿದ ಮಾತು. ಅಲ್ಲಿ ಕಲಿಸುವವನು ಮೀಸೆ ಸರಿಯಾಗಿ ಬಾರದ ಹುಡುಗ. ಸುತ್ತ ಕೂತವರು ಅವನಿಗಿಂತ ಸಣ್ಣವರು. ಮಾಸ್ತರರು ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಮೂಲೆಗೆ ಓಡಿ ಮಾಯವಾಗುತ್ತಿತ್ತು. ಅದನ್ನು ಹೊರಳಿ ತರುವುದು ಹೇಗೆಂದು ಕೇಳಲು ಬಾಯಿ ಬರಲಿಲ್ಲ. ಐವತ್ತಮೂರು ವರ್ಷದ ಮಾಸ್ತರನೊಬ್ಬ ಹುಡುಗರ ನಡುವೆ ಕೈ ಎತ್ತಿ 'ನನಗ ತಿಳೀಲಿಲ್ಲ' ಅನ್ನುವುದೆಂದರೇನು! ಎಂಟೂ ದಿನ ತಲೆಯಾಡಿಸಿದರು. ಹೇಳಿದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ನೋಟುಬುಕ್ಕಿಗಿಳಿಸಿಕೊಂಡು ವಾಪಸಾದರು.

ಬೋರ್ಡಿನ ಮೇಲೆ 'ಟೈಪಿಂಗ್' ಎಂಬುದರ ಕೆಳಗೆ 'ಮತ್ತು ಕಂಪ್ಯೂಟರ್' ಎಂದು ಬರೆಸಿದರು. ಹೆಂಡತಿ ರಹಿಮತಬಿ ಕಂಪ್ಯೂಟರಿಗೆ ಹಸಿರು ಮಖಮಲ್ಲಿನ ಗವಸು ಹೊಲಿದು ಕೊಟ್ಟಳು. ಚಪ್ಪಲಿ ಹೊರಗೆ ಬಿಟ್ಟೇ ಅದನ್ನಿಟ್ಟ ಕೋಣೆಗೆ ಬರಬೇಕು, ಕೈ ತೊಳೆದೇ ಮುಟ್ಟಬೇಕು ಎಂದು ನಿಯಮ ಮಾಡಿದರು. ಬಂದವರಿಗೆ ವಾರದಲ್ಲಿ ಐದು ದಿನ ನೋಟುಬುಕ್ಕಿನಿಂದ ಉಕ್ತಲೇಖನ, ಒಂದು ದಿನ ಕಂಪ್ಯೂಟರು. ಆ ಒಂದು ದಿನವೂ ಅವರು ಕಲಿಸುತ್ತಿದ್ದದ್ದು ತಮಗೆ ಬರುತ್ತಿದ್ದುದನ್ನೇ: ಟೈಪಿಂಗು. ಬೆರಳು ಇಡುವ ರೀತಿ, ಬೆನ್ನು ನೆಟ್ಟಗೆ, ಸಾಲು ಮುಗಿದ ಕೂಡಲೇ ಹೊಸ ಸಾಲಿನ ಕೀಲಿ.

ಆ ವರ್ಷ ಬೆಳವಣಕಿಯಿಂದ ಅಂಜುಮ ಎಂಬ ಹುಡುಗಿ ಬಂದಳು. ಪಿಯುಸಿ ಮುಗಿಸಿದ್ದಳು. ತಂದೆ ಜಾಕೀರ ಊರಲ್ಲಿ ಬಟ್ಟೆ ಹೊಲಿಯುತ್ತಿದ್ದ. ಅವಳ ಬೆರಳುಗಳನ್ನು ನೋಡಿದ ವಾರದಲ್ಲೇ ಮಾಸ್ತರರು ಮನೆಯಲ್ಲಿ ಹೇಳಿದ್ದರು: 'ಇಪ್ಪತ್ತಾರು ವರ್ಷದಾಗ ಇಂಥಾ ಕೈ ಎರಡ ನೋಡೀನಿ, ಈಕೀದು ಮೂರನೇದು.'

ಅವರ ಹಳೆಯ ಇಂಗ್ಲಿಷ್ ಮಷೀನುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಎರಡರಿಂದ ಶುರು. ಒಂದು ಬೇಕಾದಾಗ ಸಣ್ಣ 'ಎಲ್' ಅಕ್ಷರವನ್ನೇ ಹೊಡೆಯುವುದು ರೂಢಿ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು. ಕಂಪ್ಯೂಟರಿನಲ್ಲೂ ಮಾಸ್ತರರು ಹಾಗೆಯೇ ಹೇಳಿಕೊಟ್ಟರು. ಅಂಜುಮ ಮೊದಲ ದಿನವೇ ಕೇಳಿದಳು.

'ಸರ, ಇದರಾಗ ಒಂದಕ್ಕ ಬ್ಯಾರೆ ಕೀಲಿ ಐತಲ್ರಿ?'

ಕೋಣೆಯಲ್ಲಿ ಇನ್ನೂ ಆರು ಜನರಿದ್ದರು. ಎಲ್ಲರೂ ತಲೆ ಎತ್ತಿದರು. ಮಾಸ್ತರರಿಗೆ ಆ ಕೀಲಿ ಯಾಕಿದೆ ಎಂಬುದು ನಿಜಕ್ಕೂ ಗೊತ್ತಿರಲಿಲ್ಲ.

'ಕೈ ಕೆಡಿಸ್ಕೋಬ್ಯಾಡ' ಎಂದು ಗದರಿದರು. 'ಕೂತ ಕೈ ಎಬ್ಬಿಸಿದ್ರ ಸ್ಪೀಡ್ ಬೀಳ್ತತಿ. ನಾ ಹೇಳಿದಷ್ಟು ಮಾಡು.'

ಹುಡುಗಿ ಕಿವಿಯ ತನಕ ಕೆಂಪಾಗಿ, 'ಹೌದ್ರಿ ಸರ' ಅಂದಳು. ಮತ್ತೆಂದೂ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಮಾಸ್ತರರು ಒಬ್ಬರೇ ಆ ಕೀಲಿ ಒತ್ತಿ ನೋಡಿದರು. ಪರದೆಯ ಮೇಲೆ ಒಂದು ಮೂಡಿತು. ತಲೆಯ ಮೇಲೆ ಹಕ್ಕಿಯ ಕೊಕ್ಕಿನಂಥ ಚೂಪು. ಪಕ್ಕದಲ್ಲಿ 'ಎಲ್' ಹೊಡೆದರು. ಅದು ನೆಟ್ಟಗಿನ ಕಡ್ಡಿ. ಸ್ವಲ್ಪ ಹೊತ್ತು ನೋಡಿ, ಎರಡೂ ಒಂದ ಬಿಡು ಎಂದುಕೊಂಡು ಗವಸು ಮುಚ್ಚಿದರು.

ಆರು ತಿಂಗಳಿಗೆ ಅಂಜುಮಳ ಕೈಗೆ ಸರ್ಟಿಫಿಕೇಟು ಬಂತು. ಅದಾಗಿ ಒಂದು ವರ್ಷಕ್ಕೆ ಅವಳು ಫೇಡೆಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹೊಸ ರೇಷನ್ ಕಾರ್ಡುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಗುತ್ತಿಗೆ ಹಿಡಿದ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹೆಸರು, ನಂಬರು ಎಲ್ಲ ಇಂಗ್ಲಿಷಿನಲ್ಲೇ ಹೊಡೆಯುವುದು. 'ಕೈ ನೋಡೇ ತೊಗೊಂಡ್ರು ಸರ, ಮತ್ತೇನೂ ಕೇಳಲಿಲ್ಲ' ಅಂದಳು. ಮಾಸ್ತರರು ಅವತ್ತು ಆ ಫೇಡೆಯನ್ನು ಕೆಳಗಿನ ಹತ್ತಿ ಅಂಗಡಿಯವರಿಗೂ ಹಂಚಿದರು.

ಮುಂದೆ ಎರಡು ತಿಂಗಳಿಗೆ, ಹೊಸ ಕಾರ್ಡು ಕೊಡುವ ಮೊದಲು ಎಲ್ಲರೂ ಬಂದು ಹೆಸರು ನೋಡಿಸಿಕೊಳ್ಳಬೇಕೆಂದು ಊರೂರಲ್ಲಿ ಡಂಗುರ ಹೊಡೆಸಿದರು. ರೋಣದ ಶಾಲೆಯ ಪಡಸಾಲೆಯಲ್ಲಿ ಒಂದು ಮೇಜು, ಅದರ ಮೇಲೆ ಕಂಪ್ಯೂಟರು. ಹಿಂದೆ ಕೂತಿದ್ದವನು ರಾಯಣ್ಣ, ಆ ಗುತ್ತಿಗೆ ಕಚೇರಿಯ ಮುಖ್ಯಸ್ಥ. ಹಿಂದೊಮ್ಮೆ ಮಾಸ್ತರರ ಬಳಿ ಒಂದು ತಿಂಗಳು ಕನ್ನಡ ಟೈಪಿಂಗಿಗೆ ಬಂದು ಬಿಟ್ಟವನು.

ಮಾಸ್ತರರು ಪಾಳಿಯಲ್ಲಿ ನಿಂತರು. ಅವರ ಮುಂದೆ ಮಜ್ಜಿಗೆ ಮಾರುವ ಗಾಳೆವ್ವ ಇದ್ದಳು. ರಾಯಣ್ಣ ಅವಳ ಅರ್ಜಿಯ ಚೀಟಿ ನೋಡಿ ಅದರ ನಂಬರು ಹೊಡೆದು, ತಲೆ ಅಲ್ಲಾಡಿಸಿದ.

'ನಿನ್ನ ನಂಬರ ಇದರಾಗ ಇಲ್ಲವಾ.'

'ಇಲ್ಲ ಅಂದ್ರ? ನಾ ಇಲ್ಲೇ ನಿಂತೇನಲ್ಲೋ ಯಪ್ಪಾ!'

'ನೀ ಅದಿ, ಕಂಪ್ಯೂಟರಿನಾಗ ಇಲ್ಲ. ಆಮ್ಯಾಲೆ ಬಾ.'

ಅವಳು ಚೀಟಿಯನ್ನು ತಿರುವಿ ಮುರುವಿ ನೋಡುತ್ತ ಗೋಡೆಗೆ ಹೋಗಿ ಕೂತಳು. ಅಲ್ಲಿ ಆಗಲೇ ಹತ್ತು ಹದಿನೈದು ಮಂದಿ ಹಾಗೆಯೇ ಕೂತಿದ್ದರು.

ಮಾಸ್ತರರ ಪಾಳಿ ಬಂತು. ಅವರ ನಂಬರಿನಲ್ಲಿ ಎರಡು ಒಂದುಗಳಿದ್ದವು. ಅದೂ ಸಿಗಲಿಲ್ಲ. 'ತಡೀರಿ ಸರ, ನಿಮ್ಮನ್ನ ಹೆಸರು ಹಿಡದು ಹುಡುಕ್ತೀನಿ' ಎಂದು ರಾಯಣ್ಣ ಪರದೆಯನ್ನು ಅವರ ಕಡೆ ತಿರುಗಿಸಿದ. ಹೆಸರು ಸಿಕ್ಕಿತು. ಪಕ್ಕದಲ್ಲಿ ನಂಬರು. ಕಾಲು ಶತಮಾನ ಅಕ್ಷರಗಳ ತಪ್ಪು ಹುಡುಕಿದ ಕಣ್ಣು ಅವರದು. ಒಂದು ಕ್ಷಣ ಸಾಕಾಯಿತು. ಅಲ್ಲಿದ್ದ ಒಂದುಗಳಿಗೆ ಕೊಕ್ಕಿರಲಿಲ್ಲ. ಎರಡೂ ನೆಟ್ಟಗಿನ ಕಡ್ಡಿಗಳು.

ಮಾಸ್ತರರು ಚೀಟಿಯನ್ನು ಮಡಚಿಕೊಂಡರು.

'ನೋಡಿದ್ರೇನ್ರಿ ಸರ?' ರಾಯಣ್ಣ ದನಿ ತಗ್ಗಿಸಿದ. 'ಬೆಳವಣಕಿಯಾಕಿ ಒಬ್ಬಾಕಿ ಹುಡುಗಿ. ಸ್ಪೀಡ್ ನೋಡಿ ಖುಷಿಯಾಗಿ ತೊಗೊಂಡಿದ್ವಿ. ಎಲ್ಲಾ ಕಡೆ ಒಂದರ ಬದ್ಲಿ ಎಲ್ ಹೊಡದು ಇಟ್ಟಾಳ್ರಿ! ನಮ್ಮ ಕಣ್ಣಿಗೆ ಎರಡೂ ಒಂದ ಕಾಣ್ತಾವು, ಮಷೀನಿಗೆ ಕಾಣಬೇಕಲ್ಲ? ಮುಂಜಾನೆ ಗೊತ್ತಾತು, ಮನಿಗೆ ಕಳಿಸಿದ್ವಿ. ನಿಮ್ಮಂಥವ್ರ ಕಡೆ ಕಲ್ತಿದ್ರ ಹಿಂಗ ಆಗ್ತಿದ್ದಿಲ್ಲ ನೋಡ್ರಿ.'

ಹಿಂದೆ ಜನ ತಳ್ಳುತ್ತಿದ್ದರು. ಮಾಸ್ತರರ ಬಾಯಿಂದ ಒಂದೇ ಮಾತು ಹೊರಬಿತ್ತು:

'ಹೌದು.'

ಆ 'ಹೌದು' ಅವರ ಜೊತೆ ಮನೆಗೆ ಬಂತು. ರಹಿಮತಬಿ ರೊಟ್ಟಿ ಬಡಿಸಿದರೆ ಒಂದು ತುತ್ತು ಮುರಿದು ಕೈ ತೊಳೆದರು. ಮರುದಿನ ಕ್ಲಾಸಿನಲ್ಲಿ ಒಬ್ಬ ಹುಡುಗ ಕಂಪ್ಯೂಟರಿನ ಮುಂದೆ ಕೂತು ಒಂದರ ಜಾಗದಲ್ಲಿ ಎಲ್ ಒತ್ತಿದ. ಮಾಸ್ತರರು 'ಇವತ್ತಿಗೆ ಸಾಕು' ಎಂದು ಎಲ್ಲರನ್ನೂ ಕಳಿಸಿಬಿಟ್ಟರು. ಜ್ವರ ಬಂದಿದೆಯೇನೋ ಎಂದು ರಹಿಮತಬಿ ಹಣೆ ಮುಟ್ಟಿ ನೋಡಿದಾಗ ಅವಳಿಗೆ ಎಲ್ಲ ಹೇಳಿದರು. ಆ ಹುಡುಗಿ ಕೇಳಿದ್ದು, ತಾವು ಗದರಿದ್ದು, ಆಮೇಲೆ ಒಬ್ಬರೇ ಒತ್ತಿ ನೋಡಿದ್ದು, ಪಡಸಾಲೆಯಲ್ಲಿ 'ಹೌದು' ಅಂದದ್ದು.

ರಹಿಮತಬಿ ಬೈಯಲಿಲ್ಲ. 'ಆ ಹುಡುಗಿ ಮನಿ ನಿಮಗ ಗೊತ್ತೈತಿಲ್ಲ?' ಎಂದಷ್ಟೇ ಕೇಳಿದಳು.

ಮೊದಲು ರಾಯಣ್ಣನ ಕಚೇರಿಗೆ ಹೋದರು. ಒಳಗೆ ನಾಲ್ಕೈದು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿಬ್ಬರು ಎದ್ದು ನಿಂತು ಕುರ್ಚಿ ಸರಿಸಿದರು. ಮಾಸ್ತರರು ಕೂಡಲಿಲ್ಲ.

'ರಾಯಣ್ಣ, ಆ ಹುಡುಗಿ ನನ್ನ ಕಡೇನ ಕಲ್ತಾಕಿ. ಒಂದಕ್ಕ ಎಲ್ ಹೊಡಿ ಅಂತ ಕಲಿಸಿದಾವ ನಾನು. ಬ್ಯಾರೆ ಕೀಲಿ ಐತಿ ಅಂತ ಆಕಿ ಹೇಳಿದ್ಲು, ನಾನ ಬಾಯಿ ಮುಚ್ಚಿಸಿದೆ. ಅವತ್ತ ಪಾಳಿಯಾಗ ನಿಂತಾಗ ನನಗ ತಿಳೀತು. ತಿಳದೂ ಸುಮ್ಮನ ಬಂದೆ.'

ಕೀಲಿಗಳ ಸಪ್ಪಳವೆಲ್ಲ ನಿಂತಿತು.

'ಆಕೀನ್ನ ಕೇಳಿದ್ವಿ ಸರ' ಅಂದ ರಾಯಣ್ಣ. 'ಯಾರು ಕಲಿಸಿದ್ರು ನಿನಗ, ಅಂತ ಎಲ್ಲಾರ ಮುಂದ ನಿಂದರಿಸಿ ಕೇಳಿದ್ವಿ. ಯಾರೂ ಇಲ್ರಿ, ನನ್ನಷ್ಟಕ್ಕ ನಾನ ಕಲ್ತೀನಿ ಅಂದ್ಲು.'

ಮಾಸ್ತರರು ಕಂಪ್ಯೂಟರಿನ ಕಡೆ ಕೈ ತೋರಿಸಿದರು. 'ಎಷ್ಟು ದಿನಾನರ ಆಗ್ಲಿ, ಆ ಪಟ್ಟೀನ ನಾ ಕೂತು ತಿದ್ದಿ ಕೊಡ್ತೀನಿ. ಒಂದೊಂದ ನಂಬರ ನೋಡಿ ಹೊಡೀತೀನಿ. ಆಕೀನ್ನ ತಿರುಗಿ ಕರೀರಿ.'

'ಅದು ಅವತ್ತ ಸಂಜೀಕ ಸರಿ ಆತ್ರಿ ಸರ.' ರಾಯಣ್ಣ ಮುಜುಗರದಿಂದ ಮೌಸ್ ಹಿಡಿದ. 'ಹುಬ್ಬಳ್ಳಿಯ ನಮ್ಮ ದೊಡ್ಡ ಕಚೇರಿಯವ್ರು ಫೋನಿನಾಗ ಹೇಳಿದ್ರು. ನಂಬರಿನ ಸಾಲಷ್ಟ ಹಿಡದು, ಎಲ್ ಇದ್ದಲ್ಲಿ ಒಂದು ಹಾಕು ಅಂತ ಹೇಳಿದ್ರ ಮುಗೀತು. ಹಿಂಗ ನೋಡ್ರಿ.' ಪರದೆಯ ಮೇಲೆ ಬೇರೊಂದು ಪಟ್ಟಿಯಲ್ಲಿ ಮಾಡಿ ತೋರಿಸಿದ. ಮಾಸ್ತರರು ಕಣ್ಣು ಪಿಳುಕಿಸುವುದರೊಳಗೆ ಕಡ್ಡಿಗಳೆಲ್ಲ ಕೊಕ್ಕು ಹೊತ್ತವು.

ಅಷ್ಟೇ ಕೆಲಸ. ಯಾವ ತಪ್ಪಿಗೆ ಒಂದು ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಕೇಳಿ ಮನೆಗೆ ಕಳಿಸಿದ್ದರೋ ಅದು ಇಷ್ಟರಲ್ಲಿ ಅಳಿಸಿ ಹೋಗುವಂಥದ್ದು. ತಾವು ಕಲಿಸುವ ವಿದ್ಯೆಯಲ್ಲಿ ಇದೂ ಇತ್ತು, ತಮಗೆ ಗೊತ್ತಿರಲಿಲ್ಲ. ಅಂಜುಮಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಹುಬ್ಬಳ್ಳಿಯವರನ್ನು ಕೇಳಿ ನೋಡುತ್ತೇನೆ ಎಂದು ರಾಯಣ್ಣ ಅಂದ, ಆದರೆ ಮಾಸ್ತರರ ಮುಖ ನೋಡಿ ಅನ್ನಲಿಲ್ಲ.

ಬೆಳವಣಕಿಯ ಬಸ್ಸು ಇಳಿದಾಗ ಮಧ್ಯಾಹ್ನ. ಜಾಕೀರ ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದಿದ್ದ. ಮಾಸ್ತರರನ್ನು ಕಂಡು ಗಡಬಡಿಸಿ ಎದ್ದು, ಚಾಪೆ ಹಾಸಿ, ಚಾ ಮಾಡಲು ಒಳಗೆ ಕೂಗಿದ. ಅಂಜುಮ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದವಳು ಹಾಗೆಯೇ ನಿಂತಳು. ಮಾಸ್ತರರು ಹೇಳಬೇಕಾದ್ದನ್ನು ಹೇಳಿದರು. ಜಾಕೀರ ಪೂರ್ತಿ ಕೇಳಿ, ಕತ್ತರಿಯನ್ನು ಕೆಳಗಿಟ್ಟ.

'ಬಿಡ್ರಿ ಮಾಸ್ತರ. ನೀವು ದೊಡ್ಡವ್ರು ಮನಿತನಕ ಬಂದೀರಿ.'

'ಬಿಡಬ್ಯಾಡ ಜಾಕೀರ. ಏನರ ಅನ್ನು.'

'ನಾ ಏನನ್ನಲಿ? ಮಂದಿ ಅಂದಾರಲ್ರಿ. ಹೆಸರ ಸಿಗದವ್ರೆಲ್ಲಾ ಬಂದು ಬಾಗಲದಾಗ ನಿಂತು ಅಂದ್ರು. ನಿನ್ನ ಮಗಳು ನಮ್ಮ ಕಾಳು ತಿಂದ್ಲು ಅಂದ್ರು. ಈಕಿ ಅವತ್ತಿಂದ ನೀರಿಗೂ ಹೊರಗ ಹೋಗವಲ್ಲಳು.'

ಮಾಸ್ತರರು ಮುಟ್ಟದ ಚಾ ಅಲ್ಲೇ ಬಿಟ್ಟು ಎದ್ದರು. 'ಯಾರ್ಯಾರು ಅಂದಾರ, ಆ ಮನಿ ತೋರಸು.'

'ಬ್ಯಾಡ್ರಿ ಸರ' ಎಂದು ಅಂಜುಮ ಮೊದಲ ಸಲ ಬಾಯಿ ಬಿಟ್ಟಳು. ಆದರೆ ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ನಾಲ್ಕು ಮನೆಗಳಿದ್ದವು. ಮೊದಲಿನ ಮನೆಯವರಿಗೆ ವಿಷಯವೇ ತಿಳಿಯಲಿಲ್ಲ. ಈ ಬಿಳಿ ಅಂಗಿಯ ಸಾಹೇಬರು ಕಾರ್ಡು ಕೊಡಲು ಬಂದಿದ್ದಾರೆಂದು ಚೀಟಿ ತಂದು ಹಿಡಿದರು. ಎರಡನೆಯ ಮತ್ತು ಮೂರನೆಯ ಮನೆಯವರು 'ಆತ್ರಿ, ನಡೀತತ್ರಿ' ಅಂದರು. ನಾಲ್ಕನೆಯದು ಅಡಿವೆವ್ವ ಎಂಬ ಮುದುಕಿಯದು. ಅವಳು ಹೊಸ್ತಿಲ ಮೇಲೆ ಕೂತು, ಕಿವಿಗೆ ಕೈ ಹಚ್ಚಿ, ಪೂರಾ ಕೇಳಿಸಿಕೊಂಡಳು.

'ನಿನಗ ಬರತಿದ್ದಿಲ್ಲೇನಪಾ ಆ ವಿದ್ಯಾ?'

'ಬರತಿದ್ದಿಲ್ಲವಾ.'

'ಬರಲಾರದ್ದನ್ನ ಹುಡುಗರಿಗೆ ಯಾಕ ಕಲಿಸಿದಿ?'

ಸುತ್ತ ಓಣಿಯ ಹೆಂಗಸರು ನೆರೆದಿದ್ದರು. ಅವರ ಹಿಂದೆ ಜಾಕೀರ, ಅವನ ಹಿಂದೆ, ಸೆರಗು ಬಾಯಿಗೆ ಒತ್ತಿಕೊಂಡು, ಅಂಜುಮ.

'ಬರೂದಿಲ್ಲ ಅನ್ನಾಕ ನಾಚಿಕಿ ಬಂತವಾ' ಅಂದರು ಮಾಸ್ತರರು.

ಅಡಿವೆವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. 'ಹಾಂ' ಅಂದಳು. ನಂತರ ಗುಂಪಿನ ಆಚೆಗೆ ಕೈ ನೀಡಿ, 'ಏ ಜಾಕೀರನ ಮಗಳ, ಬಾ ಇಲ್ಲಿ' ಎಂದು ಕರೆದಳು. ಅಂಜುಮ ಹತ್ತಿರ ಬಂದಾಗ ಅವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ಮಾಸ್ತರರ ಕಡೆ ಮತ್ತೆ ನೋಡಲಿಲ್ಲ.

ಬಸ್ಸಿಗೆ ಕಾಯುವಾಗ ಅಂಜುಮ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. ಕೃತಜ್ಞತೆ ಹೇಳಲು ಬಂದಿದ್ದಾಳೆಂದುಕೊಂಡರೆ, ಅವಳ ದನಿಯಲ್ಲಿ ಸಿಟ್ಟಿತ್ತು.

'ನಿಮ್ಮ ಹೆಸರ ಹೇಳಬಾರದಂತ ನಾ ಅಷ್ಟು ಜನದ ಮುಂದ ಸುಳ್ಳು ಹೇಳಿದ್ದೆ ಸರ. ನೀವ ಬಂದು ಓಣಿ ತುಂಬ ಹೇಳಿ ಹೊಂಟ್ರಿ.'

'ನೀ ಉಳಿಸೂವಂಥ ಹೆಸರ ಅಲ್ಲವಾ ಅದು.'

'ನನಗ ಉಳಿಸೂವಂಥಾದ್ದ ಇತ್ರಿ' ಅಂದಳು. ಬಸ್ಸು ಬರುವ ತನಕ ಅಲ್ಲೇ ನಿಂತಿದ್ದಳು.

ಮಾಸ್ತರರು ಬೋರ್ಡಿನ 'ಮತ್ತು ಕಂಪ್ಯೂಟರ್' ಎಂಬ ಸಾಲಿಗೆ ಸುಣ್ಣ ಹೊಡೆಸಿದರು. ಸರ್ಟಿಫಿಕೇಟು ತೆಗೆದುಕೊಂಡ ಉಳಿದ ಹತ್ತು ಮಂದಿಯ ಮನೆಗಳಿಗೂ, ಗಜೇಂದ್ರಗಡ, ನರಗುಂದದ ತನಕ ಹೋಗಿ ತಪ್ಪು ಹೇಳಿ ಬಂದರು. ನರಗುಂದದಲ್ಲಿ ಒಬ್ಬ ತಾಯಿ, ಮಗಳಿಗೆ ವರ ನೋಡಿಕೊಂಡು ಬಂದಿದ್ದಾರೆಂದು ತಿಳಿದು ಅವರಿಗೆ ಉಪ್ಪಿಟ್ಟು ಮಾಡಿ ಬಡಿಸಿದ್ದಳು. ಅದನ್ನು ರಹಿಮತಬಿಗೆ ಹೇಳುವಾಗ ಮಾತ್ರ ಅವರು ಆ ತಿಂಗಳಲ್ಲಿ ನಕ್ಕದ್ದು.

ರಾಯಣ್ಣನ ಕಚೇರಿಯಿಂದ ಅಂಜುಮಳಿಗೆ ಕರೆ ಬರಲೇ ಇಲ್ಲ. ಮುಂದಿನ ವರ್ಷ ಗಜೇಂದ್ರಗಡದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಲಗ್ನಪತ್ರಿಕೆ, ಅರ್ಜಿ ಎಲ್ಲ ಹೊಡೆಯುತ್ತಿದ್ದಳು. ಕೆಲಸ ಮಾಡುತ್ತಲೇ ಉಳಿದದ್ದನ್ನೂ ಕಲಿತಳು. ಅವಳಿಗೆ ಕಲಿಸಲು ಯಾರೂ ಬೇಕಾಗಿರಲಿಲ್ಲ. ಗಜೇಂದ್ರಗಡಕ್ಕೆ ಹೋಗಲು ಬೆಳವಣಕಿಯಿಂದ ಬಂದು ರೋಣದಲ್ಲೇ ಬಸ್ಸು ಬದಲಿಸಬೇಕು. ಮಾಸ್ತರರನ್ನು ಕಂಡಾಗಲೆಲ್ಲ ಅವಳು ನಿಂತು, 'ನಮಸ್ಕಾರ್ರಿ ಸರ' ಅನ್ನುತ್ತಿದ್ದಳು. ಅವರು 'ನಮಸ್ಕಾರವಾ, ಬಸ್ಸು ಬಂತೇನು?' ಎಂದು ಕೇಳಿ, ಬಸ್ಸು ಬರುವ ದಿಕ್ಕಿಗೇ ನೋಡುತ್ತ ನಿಲ್ಲುತ್ತಿದ್ದರು.